ಕಟ್ಟಿಟ್ಟ ಬುತ್ತಿ

ತಪ್ಪಿಸಲಾಗದ್ದನ್ನು, ಖಚಿತವಾದದ್ದನ್ನು ಹೇಳಬೇಕಾದಾಗ ಕನ್ನಡಿಗರು 'ಕಟ್ಟಿಟ್ಟ ಬುತ್ತಿ' ಎನ್ನುತ್ತಾರೆ. ಸೋಲು ಕಟ್ಟಿಟ್ಟ ಬುತ್ತಿ, ನಷ್ಟ ಕಟ್ಟಿಟ್ಟ ಬುತ್ತಿ. ಪತ್ರಿಕೆಗಳ ಬಳಕೆಯಲ್ಲಿ ಈ ನುಡಿಗಟ್ಟು ಕೇಡಿನ ಕಡೆಗೇ ವಾಲಿಬಿಟ್ಟಿದೆ. ಅದರ ಹುಟ್ಟು ಮಾತ್ರ ಭರವಸೆಯಿಂದಾದದ್ದು. ಹೊಲಕ್ಕೋ ಸಂತೆಗೋ ಜಾತ್ರೆಗೋ ಹೊರಟವನಿಗೆ ಮಳೆ, ದಾರಿ, ವ್ಯಾಪಾರ ಯಾವುದರ ಮೇಲೂ ಹಿಡಿತವಿರಲಿಲ್ಲ. ಬಟ್ಟೆಯ ಗಂಟಿನಲ್ಲಿದ್ದ ಬುತ್ತಿಯೊಂದೇ ಖಾತ್ರಿ. ಸಂಸ್ಕೃತದ 'ಭುಕ್ತಿ' ಕನ್ನಡದ ಬಾಯಲ್ಲಿ 'ಬುತ್ತಿ'ಯಾದಾಗ, ಉಣ್ಣುವುದು ಎಂಬ ಸಾಮಾನ್ಯ ಅರ್ಥ ಕಿರಿದಾಗಿ, ಮುಂದಿನ ಹೊತ್ತಿಗೆಂದು ಈಗಲೇ ಸಿದ್ಧಮಾಡಿ ಕಟ್ಟಿದ ಊಟ ಎಂಬ ಅರ್ಥ ನಿಂತಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದ ಮಾತು 'ತಂಗಳು'. ತಣ್ಣನೆಯ ಕೂಳು ಎಂಬಷ್ಟೇ ಅದರ ಮೂಲಾರ್ಥ. ಇಂದು ಅದು ಬೈಗುಳಕ್ಕೆ ಹತ್ತಿರ. ಒಂದೇ ಅನ್ನ ಹೆಗಲ ಮೇಲಿದ್ದರೆ ಬುತ್ತಿ, ಒಲೆಯ ಮೂಲೆಯಲ್ಲಿ ಉಳಿದರೆ ತಂಗಳು. ನಮ್ಮ ನಾಡಿನ ಅಡುಗೆಯ ಚರಿತ್ರೆಯ ಬಹುಭಾಗ ಈ ಎರಡು ಮಾತುಗಳ ನಡುವೆ ನಡೆದಿದೆ.

ಧಾನ್ಯದ ಬಾಳಿಕೆಯನ್ನೇ ಕಾವ್ಯವಸ್ತುವಾಗಿಸಿದವರು ಕನಕದಾಸರು. 'ರಾಮಧಾನ್ಯಚರಿತೆ'ಯಲ್ಲಿ ನರೆದಲೆಗ ಮತ್ತು ವ್ರೀಹಿ, ಅಂದರೆ ರಾಗಿ ಮತ್ತು ಭತ್ತ, ತಮ್ಮಲ್ಲಿ ಯಾರು ಮೇಲೆಂದು ಶ್ರೀರಾಮನ ಮುಂದೆ ವಾದಕ್ಕಿಳಿಯುತ್ತವೆ. ರಾಮನ ತೀರ್ಪು ವಿಚಿತ್ರವಾದದ್ದು: ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುವುದು. ಅವಧಿ ಮುಗಿದಾಗ ಭತ್ತ ಕಳೆಗುಂದಿದೆ, ರಾಗಿ ಇದ್ದಂತೆಯೇ ಇದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ. ಈ ಕೃತಿಯನ್ನು ಜಾತಿ ಶ್ರೇಣಿಯ ವಿಮರ್ಶೆಯಾಗಿ ಓದುವುದು ರೂಢಿ, ಅದು ಸರಿಯಾದ ಓದೇ. ಆದರೆ ಆ ಸೆರೆಮನೆಯನ್ನು ಹಗೇವು ಎಂದು ಓದಿಕೊಂಡರೆ ಕವಿಗೆ ಒಕ್ಕಲುತನದ ಬಳಕೆ ಎಷ್ಟಿತ್ತೆಂಬುದು ತಿಳಿಯುತ್ತದೆ. ರಾಮನ ಪರೀಕ್ಷೆ ರುಚಿಯದಲ್ಲ, ಬಣ್ಣದ್ದಲ್ಲ. ಕೂಡಿಟ್ಟರೆ ಉಳಿಯುವುದು ಯಾವುದು ಎಂಬುದರದು.

ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಮೇಲೆ ಕಿರಿದಾದ ಬಾಯಿ, ಒಳಗೆ ಅಗಲ. ಸುತ್ತ ಹುಲ್ಲಿನ ಹಾಸು, ಬಾಯಿಗೆ ಮಣ್ಣಿನ ಮುಚ್ಚಳ. ಒಳಗಿನ ಧಾನ್ಯ ಉಸಿರಾಡಿ ಆಮ್ಲಜನಕವನ್ನು ಮುಗಿಸಿದ ಮೇಲೆ ಹುಳುವಿಗೂ ಉಳಿಗಾಲವಿಲ್ಲ. ತೆರೆದ ಕೂಡಲೇ ಮನುಷ್ಯನೂ ಇಳಿಯುವಂತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ಕ್ರಮ. ಹೀಗೆ ಇಟ್ಟ ರಾಗಿ ವರ್ಷಗಟ್ಟಲೆ ಉಳಿಯುತ್ತಿತ್ತು. ಕಾಳು ಚಿಕ್ಕದು, ಹೊರಪದರ ಗಟ್ಟಿ, ಜಿಡ್ಡು ಕಡಿಮೆ.

ಈ ಏರ್ಪಾಡು ಎಲ್ಲಿಯವರೆಗೆ ಕಾಯಬಲ್ಲುದು, ಎಲ್ಲಿ ಸೋಲುತ್ತದೆ ಎಂಬುದು 1876–78ರ ಕ್ಷಾಮದಲ್ಲಿ ಕಂಡಿತು. ಮೈಸೂರು ಸೀಮೆಯಲ್ಲಿ 1875ರಲ್ಲಿಯೇ ಮಳೆ ಕೈಕೊಟ್ಟಿತ್ತು. ಹಗೇವುಗಳು ಒಂದು ಕೆಟ್ಟ ವರ್ಷವನ್ನು ತಾಳಿದವು. ಬೆನ್ನಿಗೇ ಬಂದ ಮುಂದಿನ ವರ್ಷವನ್ನು ತಾಳಲಿಲ್ಲ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯೂ ಬೆಂದು ಹೋಯಿತು. ಪರಿಹಾರ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ, 1 ಆಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿ ಮಾಡಿದ. ಮದ್ರಾಸಿನ ನೈರ್ಮಲ್ಯಾಧಿಕಾರಿ ಡಾ. ಕಾರ್ನಿಷ್ ಅದನ್ನು ಪಟ್ಟು ಹಿಡಿದು ವಿರೋಧಿಸಿದ: ದುಡಿಯುವ ದೇಹಕ್ಕೆ ಇಷ್ಟು ಧಾನ್ಯ ಸಾಲದು, ಜೊತೆಗೆ ಬೇಳೆಕಾಳೂ ಬೇಕು. ಮುದ್ದೆಗೆ ಹುರುಳಿಯ ಸಾರು, ರೊಟ್ಟಿಗೆ ಕಾಳಿನ ಪಲ್ಯ, ಅಂಬಲಿಗೆ ಮಜ್ಜಿಗೆ ಎಂಬುದನ್ನು ಓದುಬರಹವಿಲ್ಲದ ಮನೆಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದವು. ಸರ್ಕಾರಕ್ಕೆ ಅದನ್ನು ಒಪ್ಪಿಸಲು ಕಡತಗಳ ಜಗಳವೇ ನಡೆಯಬೇಕಾಯಿತು.

ಧಾನ್ಯವನ್ನು ಕೂಡಿಡುವುದು ಗಂಡಸರ ಕೆಲಸವಾಗಿದ್ದರೆ, ಕೂಡಿಟ್ಟದ್ದನ್ನು ಒಲೆಯಿಲ್ಲದ ಹೊತ್ತಿಗೂ ಊಟವಾಗಿಸುವುದು ಹೆಂಗಸರ ವಿದ್ಯೆ. ಬೆಳಗಿನಿಂದ ಸಂಜೆಯವರೆಗೆ ಗದ್ದೆ ಹೊಲಗಳಲ್ಲಿ ದುಡಿಯುವವಳಿಗೆ ದಿನಕ್ಕೆ ಮೂರು ಸಲ ಒಲೆ ಹೊತ್ತಿಸುವ ಪುರುಸೊತ್ತು ಎಲ್ಲಿಯದು? ರಾಗಿಗೆ ನೀರು ಚಿಮುಕಿಸಿ ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದರೆ ಹುರಿಹಿಟ್ಟು. ಬೆಂಕಿಯ ಕೆಲಸ ಅಲ್ಲಿಗೆ ಮುಗಿಯಿತು; ಮಜ್ಜಿಗೆಯಲ್ಲಿಯೋ ಬೆಲ್ಲದ ನೀರಿನಲ್ಲಿಯೋ ಕಲಸಿದರೆ ಊಟ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುವುದು ಇನ್ನೂ ಸೂಕ್ಷ್ಮವಾದ ಕ್ರಮ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಮುರಿಯುವುದರಿಂದ ಗಂಜಿ ಅಂಟಾಗದೆ ತೆಳುವಾಗುತ್ತದೆ. ಎಳೆಯ ಕೂಸು ನುಂಗಬಲ್ಲ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ಸುಣ್ಣಾಂಶ, ಕಬ್ಬಿಣಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ನೆನೆ, ಮೊಳಕೆಗಳಲ್ಲಿ ತಗ್ಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 344 ಮಿಲಿಗ್ರಾಂ ಸುಣ್ಣಾಂಶ, ಪಾಲಿಶ್ ಮಾಡಿದ ಅಕ್ಕಿಗೆ ಸುಮಾರು 10.

ಉತ್ತರದ ಬಯಲುಸೀಮೆಯಲ್ಲಿ ಇದೇ ಬುದ್ಧಿ ಜೋಳದ ಮೇಲೆ ಕೆಲಸ ಮಾಡಿತು. ತೆಳ್ಳಗೆ ಬಡಿದ ರೊಟ್ಟಿಯನ್ನು ಬೇಯಿಸಿ, ತೇವವೆಲ್ಲ ಆರುವಂತೆ ಒಣಗಿಸಿದರೆ ಕಡಕ್ ರೊಟ್ಟಿ, ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿ. ಸಜ್ಜೆಯದು ಬೇರೆ ಕಥೆ. ಅದರ ಹಿಟ್ಟಿನಲ್ಲಿ ಜಿಡ್ಡು ಹೆಚ್ಚಾದ್ದರಿಂದ ಬೀಸಿಟ್ಟರೆ ಕೆಲವೇ ದಿನಗಳಲ್ಲಿ ಕಹಿಯೇರುತ್ತದೆ. ಹಾಗಾಗಿ ಸಂಕ್ರಾಂತಿಗೆ ಎಳ್ಳು ಹಚ್ಚಿ ರೊಟ್ಟಿ ಮಾಡಿ ಒಣಗಿಸಿಡುತ್ತಾರೆಯೇ ಹೊರತು ಹಿಟ್ಟನ್ನು ಕೂಡಿಡುವುದಿಲ್ಲ. ಎಳ್ಳಮಾವಾಸ್ಯೆಯ ಚರಗವಂತೂ ಹಿಂದಿನ ದಿನಗಳಿಂದಲೇ ಮಾಡಿ ಕಟ್ಟಿದ ಬುತ್ತಿಯ ಹಬ್ಬ. ಅದರ ಮೊದಲ ತುತ್ತು ಹೊಲಕ್ಕೆ.

ಎಲ್ಲ ಮನೆಗಳಿಗೂ ಈ ವಿದ್ಯೆ ಒಂದೇ ಆಗಿರಲಿಲ್ಲ. ಮಡಿಯ ಮನೆಗಳಲ್ಲಿ ನೀರಿನಲ್ಲಿ ಬೆಂದದ್ದು ಮುಸುರೆ. ಅದನ್ನು ಮರುದಿನಕ್ಕೆ ಉಳಿಸುವಂತಿಲ್ಲ. ಹುರಿದದ್ದು, ಕರಿದದ್ದು, ಅರಳು, ಅವಲಕ್ಕಿ ನಡೆಯುತ್ತವೆ. ಶಾಸ್ತ್ರದ ಉಡುಪು ಕಳಚಿದರೆ ಇದರಲ್ಲಿ ನೀರಿನಂಶವಿದ್ದದ್ದು ಬೇಗ ಕೆಡುತ್ತದೆ ಎಂಬ ಅನುಭವವೂ ಇದೆ. ಆದರೆ ಅದೇ ನಿಯಮ, ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಕೂಲಿಗೆ ಹೋಗುವವರನ್ನು ತಂಗಳುಂಡವರೆಂದು ಕೀಳುಗಾಣಲೂ ನೆಪವಾಯಿತು. ಇಂದು ಹುದುಗಿಸಿದ ಆಹಾರದ ಗುಣಗಾನ ಮಾಡುವ ಪಟ್ಟಣಿಗರಿಗೆ ಈ ಅವಮಾನದ ಚರಿತ್ರೆ ನೆನಪಿಲ್ಲ.

ವಲಸೆ ಬಂದವನ ಮೊದಲ ಸಂಕಟವೇ ಬುತ್ತಿ ಕಟ್ಟುವ ಕೈ ಊರಿನಲ್ಲಿಯೇ ಉಳಿದದ್ದು. ಮುಂಬಯಿಯ ಗಿರಣಗಾಂವಿನಲ್ಲಿ ಆ ಜಾಗ ತುಂಬಿದ್ದು ಖಾನಾವಳಿ: ಚಾಳಿನ ಕೋಣೆಯಲ್ಲಿ ಹೆಂಗಸೊಬ್ಬಳು ಗಿರಣಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಬೇಯಿಸಿ ಹಾಕುವ ವ್ಯವಸ್ಥೆ. ಆ ಮಾತು ಹುಬ್ಬಳ್ಳಿ–ಧಾರವಾಡಗಳಿಗೂ ಮುಂಬಯಿಗೂ ಸಮಾನವಾದದ್ದು. ಬಡ್ಡಿ ಸಾಲದಲ್ಲಿ ಸಿಲುಕಿದ್ದ ಈ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ 'ಅನ್ನಪೂರ್ಣಾ ಮಹಿಳಾ ಮಂಡಳ'ವಾಗಿ ಸಂಘಟಿಸಿ ಬ್ಯಾಂಕ್ ಸಾಲ ದೊರೆಯುವಂತೆ ಮಾಡಿದರು. 1982ರ ಗಿರಣಿ ಮುಷ್ಕರದೊಂದಿಗೆ ಉಣ್ಣುವವರೇ ಕರಗತೊಡಗಿದರು. ಮಾಟುಂಗದ ಉಡುಪಿ ಹೋಟೆಲುಗಳ ಕಥೆಯನ್ನು ಬಲ್ಲವರು ಬಹಳ. ಖಾನಾವಳಿಯ ಹೆಂಗಸರ ಕಥೆಯನ್ನು ಕನ್ನಡದಲ್ಲಿ ಯಾರಾದರೂ ವಿಸ್ತಾರವಾಗಿ ಬರೆಯಬೇಕು.

ಬುತ್ತಿ ಅಂಗಡಿಯ ಕಪಾಟಿಗೆ ಬಂದದ್ದು ಬೆಂಗಳೂರಿನಲ್ಲಿ. ಯಜ್ಞನಾರಾಯಣ ಮಯ್ಯರು 1924ರಲ್ಲಿ ತೊಡಗಿದ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಮಾಡಿದ್ದು ತಾವೇ ಎಂಬುದು ಅವರ ಹಕ್ಕುಮಾತು. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಸರ್ಕಾರವೇ ಕಟ್ಟುನಿಟ್ಟಾಗಿ ಇಳಿಸಿದಾಗ ಹೋಟೆಲು ನಡೆಸುವುದು ಕಷ್ಟವಾಗಿ, ಹಿಟ್ಟು ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. ಮುಂದೆ ಬಿಸಿ ಮಾಡಿದರೆ ಸಾಕೆನ್ನುವ ಪೊಟ್ಟಣದ ಊಟ ಬಂದಿತು. ಅದರ ತಂತ್ರವನ್ನು ಒದಗಿಸಿದ್ದು ಸೈನಿಕರ ಬುತ್ತಿಗಾಗಿ 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯ.

ಪೊಟ್ಟಣದಿಂದ ಅನುಕೂಲವಾದದ್ದು ನಿಜ. ಆದರೂ ಹುರಿಹಿಟ್ಟಿಗೆ ಬೇಕಾದದ್ದು ಒಂದು ಸೇರು ರಾಗಿ, ಒಂದು ಬಾಣಲೆ, ರಜೆಯ ದಿನದ ಒಂದು ಹೊತ್ತು. ಪುಣೆಯ ಅಡುಗೆಮನೆಯಲ್ಲಿ ಇವು ಯಾವುವೂ ದುರ್ಲಭವಲ್ಲ. ಇತ್ತ ವಿಜಯಪುರ, ಕಲಬುರಗಿಗಳ ಕಡೆ ಹೆಂಗಸರು ಮನೆಯಲ್ಲಿಯೇ ರೊಟ್ಟಿ ಬಡಿದು, ಒಣಗಿಸಿ, ಎಣಿಕೆಯ ಮೇಲೆ ಮಾರುತ್ತಿದ್ದಾರೆ. ಅತ್ತೆಯರ ಕಾಲದಲ್ಲಿ ಕೂಲಿಯೆಂದು ಯಾರೂ ಲೆಕ್ಕ ಹಿಡಿಯದಿದ್ದ ಆ ಕೆಲಸಕ್ಕೆ ಈಗ ರೊಟ್ಟಿಗಿಷ್ಟು ಎಂಬ ದರವಿದೆ. ಕಟ್ಟುಗಳು ದೂರದ ಊರುಗಳಿಗೂ ಹೋಗುತ್ತವೆ.