ಪ್ಲಗ್ ಸರಿಯಾಗಿ ಕೂತರೆ ಕೇಬಲ್ ಸರಿ ಎಂದೇ ಅರ್ಥವೇ? 9 ಪಿನ್, 25 ಪಿನ್ ಕೇಬಲ್‌ಗಳ ಅಸಲಿ ವಿಷಯ

ನಂಬಿಕೆ: ಹಳೆಯ ಯಂತ್ರದ ಸಾಕೆಟ್‌ಗೆ ಸರಿಯಾಗಿ ಕೂರುವ ಕೇಬಲ್ ಯಾವುದಾದರೂ ನಡೆಯುತ್ತದೆ. ಪಿನ್ ಎಣಿಸಿ ಕೊಂಡರೆ ಸಾಕು.

ವಾಸ್ತವ: ತಪ್ಪು. ಕನೆಕ್ಟರ್ ಒಂದು ಆಕಾರ ಮಾತ್ರ. ಯಾವ ಪಿನ್‌ನಲ್ಲಿ ಏನು ಹರಿಯಬೇಕು ಎಂದು ನಿರ್ಧರಿಸುವುದು ಆ ಯಂತ್ರವನ್ನು ತಯಾರಿಸಿದವರು. ತಪ್ಪು ಕೇಬಲ್ ಹಾಕಿದರೆ ಕೆಲವೊಮ್ಮೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಪೋರ್ಟ್ ಸುಟ್ಟುಹೋಗುತ್ತದೆ.

ವರ್ಕ್‌ಶಾಪಿನ ಸಿಎನ್‌ಸಿ ಲೇತ್, ಲಾರಿ ತೂಗುವ ವೇಬ್ರಿಡ್ಜ್, ಲ್ಯಾಬಿನ ಪರೀಕ್ಷಾ ಯಂತ್ರ, ಆಫೀಸಿನ ಯುಪಿಎಸ್. ಇವುಗಳ ಹಿಂಭಾಗದಲ್ಲಿ ಎರಡು ಸಾಲು ಪಿನ್‌ಗಳಿರುವ, ಅಕ್ಕಪಕ್ಕ ಸ್ಕ್ರೂ ಇರುವ ಕನೆಕ್ಟರ್ ನೋಡಿರುತ್ತೀರಿ. ಇದರ ಕೇಬಲ್ ಕಳೆದುಹೋದರೆ ನಾವು ಮಾಡುವುದೇನು? ಹಳೇ ಕಂಪ್ಯೂಟರ್ ಡಬ್ಬದಲ್ಲಿ ಹುಡುಕುತ್ತೇವೆ. ಅಂಥದ್ದೇ ಒಂದು ಸಿಗುತ್ತದೆ, ಸರಿಯಾಗಿ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಾಗುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ಒಂದೇ ಆಕಾರ ಎಲ್ಲೆಡೆ ಏಕೆ?

ಈ ಕನೆಕ್ಟರನ್ನು 1952ರಲ್ಲಿ ಅಮೆರಿಕದ ಕ್ಯಾನನ್ ಎಂಬ ಕಂಪನಿ ಪರಿಚಯಿಸಿತು. ಕ್ಯಾಮೆರಾ ತಯಾರಿಸುವ ಕಂಪನಿ ಬೇರೆ, ಇದು ಬೇರೆ. ಲೋಹದ ಕವಚ ಇಂಗ್ಲಿಷಿನ 'ಡಿ' ಅಕ್ಷರದಂತೆ ಇರುವುದರಿಂದ ಡಿ-ಸಬ್ ಎಂಬ ಹೆಸರು ಬಂತು. ಈ ಆಕಾರದಿಂದಾಗಿ ಪ್ಲಗ್ ತಲೆಕೆಳಗಾಗಿ ಕೂರುವುದಿಲ್ಲ. ಆದರೆ ತಪ್ಪು ಯಂತ್ರಕ್ಕೆ ಕೂರುವುದನ್ನು ಅದು ತಡೆಯುವುದಿಲ್ಲ.

1960ರಲ್ಲಿ ಆರ್‌ಎಸ್-232 ಎಂಬ ಸಂಪರ್ಕ ಮಾನದಂಡ ಬಂತು. 1981ರ ಐಬಿಎಂ ಪಿಸಿ ಇದಕ್ಕೆ 25 ಪಿನ್ ಕನೆಕ್ಟರ್ ಬಳಸಿತು, 1984ರ ಪಿಸಿ ಎಟಿ 9 ಪಿನ್‌ಗೆ ಇಳಿಯಿತು. ಕಂಪ್ಯೂಟರ್‌ನ 'ಸೀರಿಯಲ್ ಪೋರ್ಟ್' ಎಂದು ನಾವು ಕರೆಯುವುದು ಇದನ್ನೇ. ಕನೆಕ್ಟರ್ ಅಗ್ಗ ಮತ್ತು ಗಟ್ಟಿಮುಟ್ಟು. ಹಾಗಾಗಿ ಬೇರೆ ಬೇರೆ ತಯಾರಕರು ಅದನ್ನೇ ಬೇರೆ ಬೇರೆ ಕೆಲಸಕ್ಕೆ ಬಳಸಿಕೊಂಡರು.

ಅದೇ 9 ಪಿನ್, ಬೇರೆ ಅರ್ಥ

• ಕಂಪ್ಯೂಟರ್ ಸೀರಿಯಲ್ ಪೋರ್ಟ್: 2ನೇ ಪಿನ್ ಮಾಹಿತಿ ಪಡೆಯಲು, 3ನೇ ಪಿನ್ ಕಳಿಸಲು, 5ನೇ ಪಿನ್ ಗ್ರೌಂಡ್.
• ಪ್ರಾಫಿಬಸ್ (ಕಾರ್ಖಾನೆಯ ಯಂತ್ರಗಳ ಜಾಲ): ಮಾಹಿತಿ ಹರಿಯುವುದು 3 ಮತ್ತು 8ನೇ ಪಿನ್‌ನಲ್ಲಿ. 6ನೇ ಪಿನ್‌ನಲ್ಲಿ 5 ವೋಲ್ಟ್.
• ಕ್ಯಾನ್ ಬಸ್ (ವಾಹನ ಮತ್ತು ಯಂತ್ರಗಳಲ್ಲಿ): ಸಾಮಾನ್ಯವಾಗಿ 2 ಮತ್ತು 7ನೇ ಪಿನ್.
• ಅಟಾರಿ 2600 ವಿಡಿಯೋ ಗೇಮ್ (1977): ಜಾಯ್‌ಸ್ಟಿಕ್ ಸಾಕೆಟ್‌ನ 7ನೇ ಪಿನ್‌ನಲ್ಲಿ 5 ವೋಲ್ಟ್, 8ನೇ ಪಿನ್ ಗ್ರೌಂಡ್.

ನಾಲ್ಕರ ಕನೆಕ್ಟರ್ ಆಕಾರವೂ ಒಂದೇ. ಒಂದರ ಕೇಬಲ್ ಇನ್ನೊಂದಕ್ಕೆ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಅಪಾಯ ಎಲ್ಲಿದೆ?

ಮೊದಲನೆಯದು, ವೋಲ್ಟೇಜ್. ಆರ್‌ಎಸ್-232 ಕಳಿಸುವ ಸಿಗ್ನಲ್ ಪ್ಲಸ್ 15ರಿಂದ ಮೈನಸ್ 15 ವೋಲ್ಟ್‌ವರೆಗೂ ಹೋಗಬಹುದು. ಇಂದಿನ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್‌ಗಳು ನಡೆಯುವುದು 3.3 ಅಥವಾ 5 ವೋಲ್ಟ್‌ನಲ್ಲಿ. ನಡುವೆ ಪರಿವರ್ತಕ ಇಲ್ಲದೆ ನೇರವಾಗಿ ಜೋಡಿಸಿದರೆ ಬೋರ್ಡ್ ಹಾಳಾಗಬಹುದು.

ಎರಡನೆಯದು, ಅಡಗಿರುವ ಪವರ್. ಕೆಲವು ಸಿಎನ್‌ಸಿ ಕಂಟ್ರೋಲರ್‌ಗಳ 25 ಪಿನ್ ಪೋರ್ಟ್‌ನಲ್ಲಿ 25ನೇ ಪಿನ್‌ಗೆ 24 ವೋಲ್ಟ್ ಕೊಟ್ಟಿರುತ್ತಾರೆ. ಅದು ಆ ಕಂಪನಿಯದ್ದೇ ಉಪಕರಣಕ್ಕೆ ಪವರ್ ಕೊಡಲು. ಎಲ್ಲ 25 ತಂತಿ ಇರುವ ಕೇಬಲ್ ಹಾಕಿದರೆ ಆ 24 ವೋಲ್ಟ್ ನಿಮ್ಮ ಲ್ಯಾಪ್‌ಟಾಪ್ ಕಡೆಗೂ ಬರುತ್ತದೆ. 'ಎಲ್ಲ ತಂತಿಯೂ ಇರುವ ಕೇಬಲ್ ಒಳ್ಳೆಯದು' ಎಂಬ ಮಾತು ಇಲ್ಲಿ ದುಬಾರಿಯಾಗುತ್ತದೆ.

ಮೂರನೆಯದು, ತಪ್ಪು ಆದೇಶ. ಕೆಲವು ಯುಪಿಎಸ್‌ಗಳಲ್ಲಿ 9 ಪಿನ್ ಪೋರ್ಟ್ ಇದ್ದರೂ ಅದರ ಪಿನ್ ಜೋಡಣೆ ಅವರದೇ. ಸಾಮಾನ್ಯ ಸೀರಿಯಲ್ ಕೇಬಲ್ ಹಾಕಿದರೆ 'ಆಫ್ ಆಗು' ಎಂಬ ಸಿಗ್ನಲ್ ಹೋಗಿ ಯುಪಿಎಸ್ ನಿಂತುಬಿಡಬಹುದು. ಅದರ ಮೇಲೆ ಸರ್ವರ್ ನಡೆಯುತ್ತಿದ್ದರೆ ಅದೂ ನಿಲ್ಲುತ್ತದೆ.

ನೋಡಲು ಅವಳಿ, ಒಳಗೆ ಬೇರೆ

ಸರಿಯಾದ ಆರ್‌ಎಸ್-232 ಕೇಬಲ್‌ನಲ್ಲೂ ಎರಡು ಬಗೆ. 'ಸ್ಟ್ರೈಟ್' ಕೇಬಲ್‌ನಲ್ಲಿ 2ನೇ ಪಿನ್ 2ಕ್ಕೆ, 3ನೇ ಪಿನ್ 3ಕ್ಕೆ ಹೋಗುತ್ತದೆ. 'ನಲ್ ಮೋಡೆಮ್' ಅಥವಾ ಕ್ರಾಸ್ ಕೇಬಲ್‌ನಲ್ಲಿ 2 ಮತ್ತು 3 ಅದಲು ಬದಲು. ಹೊರಗಿನಿಂದ ಎರಡೂ ಒಂದೇ ತರಹ. ಸ್ಟ್ರೈಟ್ ಬೇಕಾದಲ್ಲಿ ಕ್ರಾಸ್ ಹಾಕಿದರೆ ಇಬ್ಬರು ಒಬ್ಬರ ಬಾಯಿಗೆ ಇನ್ನೊಬ್ಬರು ಬಾಯಿ ಇಟ್ಟು ಮಾತಾಡಿದ ಹಾಗೆ. ಯಾರಿಗೂ ಏನೂ ಕೇಳಿಸುವುದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ರಿಪೇರಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಿ.

ಇನ್ನೊಂದು ಮಾತು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಂದರೆ ಕೇಬಲ್ ಬಿಸಾಡಬೇಡಿ. ಮಾಹಿತಿ ತಲುಪುತ್ತಿದೆ, ಎರಡೂ ಕಡೆಯ ವೇಗ (ಬಾಡ್ ರೇಟ್) ಹೊಂದಿಕೆಯಾಗಿಲ್ಲ ಎನ್ನುವುದು ಇದಕ್ಕೆ ಸಾಮಾನ್ಯ ಕಾರಣ. ಹಾಗೆಯೇ ವಿಜಿಎ ಮಾನಿಟರ್ ಕೇಬಲ್‌ನಲ್ಲಿ 9ನೇ ಪಿನ್ ಇಲ್ಲದಿದ್ದರೆ ಅದು ಮುರಿದಿದೆ ಎಂದಲ್ಲ. ಹಲವು ಕೇಬಲ್‌ಗಳನ್ನು ಮಾಡುವುದೇ ಹಾಗೆ.

ಹಾಕುವ ಮುನ್ನ ಹೀಗೆ ಮಾಡಿ

1. ಯಂತ್ರದ ಮ್ಯಾನ್ಯುಯಲ್‌ನಲ್ಲಿ ಪಿನ್ ಚಿತ್ರ ಹುಡುಕಿ. ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಹಲವು ಹಳೆಯ ಮ್ಯಾನ್ಯುಯಲ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ.

2. ಕೇಬಲ್‌ನ ಎರಡೂ ತುದಿ ಬಿಚ್ಚಿಟ್ಟು ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ತಿರುಗಿಸಿ. ಯಾವ ಪಿನ್ ಯಾವ ಪಿನ್‌ಗೆ ಹೋಗುತ್ತದೆ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಪಿನ್ ಸಂಖ್ಯೆಯನ್ನು ಕನೆಕ್ಟರ್ ಮೇಲೆಯೇ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ.

3. ಪೋರ್ಟ್ 9 ಪಿನ್ ಆರ್‌ಎಸ್-232 ಎಂದು ಮ್ಯಾನ್ಯುಯಲ್ ಹೇಳಿದರೆ, ಯಂತ್ರ ಆನ್ ಮಾಡಿ, ಕೇಬಲ್ ಹಾಕದೆ, ಡಿಸಿ ವೋಲ್ಟೇಜ್ ಅಳೆಯಿರಿ. ಕಪ್ಪು ಕಡ್ಡಿ 5ನೇ ಪಿನ್‌ಗೆ, ಕೆಂಪು ಕಡ್ಡಿ ಮೊದಲು 2ಕ್ಕೆ, ಆಮೇಲೆ 3ಕ್ಕೆ. ಯಾವುದರಲ್ಲಿ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಕಾಣುತ್ತದೋ ಅದರಿಂದಲೇ ಯಂತ್ರ ಮಾಹಿತಿ ಕಳಿಸುವುದು. ಕಂಪ್ಯೂಟರ್‌ಗೆ ಜೋಡಿಸಲು 2ರಲ್ಲಿ ಕಂಡರೆ ಸ್ಟ್ರೈಟ್ ಕೇಬಲ್ ಬೇಕು, 3ರಲ್ಲಿ ಕಂಡರೆ ಕ್ರಾಸ್ ಕೇಬಲ್. ಕಡ್ಡಿಯ ತುದಿ ಎರಡು ಪಿನ್‌ಗೆ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ.

4. ಕೇಬಲ್ ಹಾಕುವಾಗ, ತೆಗೆಯುವಾಗ ಎರಡೂ ಕಡೆಯ ಉಪಕರಣ ಆಫ್ ಇರಲಿ. ಇದು ಯುಎಸ್‌ಬಿ ಅಲ್ಲ.

5. ಯುಎಸ್‌ಬಿ ಪರಿವರ್ತಕ ಕೊಳ್ಳುವಾಗ 'ಆರ್‌ಎಸ್-232' ಬೇಕೋ, 'ಆರ್‌ಎಸ್-485' ಬೇಕೋ, 'ಟಿಟಿಎಲ್' ಬೇಕೋ ಎಂದು ಹೆಸರಿಟ್ಟು ಕೇಳಿ. '9 ಪಿನ್ ಕೊಡಿ' ಎಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ.

6. ಸರಿಯಾದ ಕೇಬಲ್ ಸಿಕ್ಕ ದಿನವೇ ಅದಕ್ಕೊಂದು ಚೀಟಿ ಅಂಟಿಸಿ: ಯಾವ ಯಂತ್ರದ್ದು, ಸ್ಟ್ರೈಟೋ ಕ್ರಾಸೋ.

ಕೊನೆಯದಾಗಿ

ಹಳೆಯ ಯಂತ್ರಕ್ಕೆ ಬಿಡಿಭಾಗ ಸಿಗುವುದೇ ಕಷ್ಟ. ಸುಟ್ಟ ಪೋರ್ಟ್‌ಗೆ ಬದಲಿ ಬೋರ್ಡ್ ಸಿಗದಿದ್ದರೆ ಕಂಪ್ಯೂಟರ್ ಜೊತೆಗಿನ ಅದರ ಸಂಪರ್ಕ ಅಲ್ಲಿಗೇ ಮುಗಿಯಿತು. ಹತ್ತು ನಿಮಿಷದ ಪರೀಕ್ಷೆಗೆ ಹೋಲಿಸಿದರೆ ಅದು ದೊಡ್ಡ ನಷ್ಟ. 'ಕೂತರೆ ಸಾಕು, ನಡೆಯುತ್ತೆ' ಎಂದು ಯಾರಾದರೂ ನಿಮ್ಮ ಗ್ರೂಪಿನಲ್ಲಿ ಹೇಳಿದರೆ, ಒಂದೇ ಪ್ರಶ್ನೆ ಕೇಳಿ: 'ಪಿನ್ ಚಿತ್ರ ನೋಡಿದ್ದೀರಾ?'