ಪ್ರತ್ಯಕ್ಷವಾಗಿ ಕಂಡರೂ...

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಎಷ್ಟೋ ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೆ. ಅದರ ತೂಕ ನನಗೆ ತಿಳಿದದ್ದು ಅಡಾಲ್ಫ್ ಬೆಕ್ ಎಂಬ ನಾರ್ವೆ ಮೂಲದವನ ಚರಿತ್ರೆಯನ್ನು ಓದಿದಾಗ.

1895ರ ಡಿಸೆಂಬರಿನಲ್ಲಿ ಲಂಡನ್ನಿನ ಬೀದಿಯಲ್ಲಿ ಮಹಿಳೆಯೊಬ್ಬಳು ಬೆಕ್‌ನನ್ನು ತಡೆದು, ತನ್ನ ಒಡವೆಗಳನ್ನು ಲಪಟಾಯಿಸಿದ ವಂಚಕ ಇವನೇ ಎಂದಳು. ಹಾಗೆಯೇ ಮೋಸಹೋಗಿದ್ದ ಇನ್ನೂ ಹಲವು ಮಹಿಳೆಯರು ಅವನನ್ನೇ ಗುರುತಿಸಿದರು. 1877ರಲ್ಲಿ ಇದೇ ಬಗೆಯ ವಂಚನೆಗಾಗಿ ಜಾನ್ ಸ್ಮಿತ್ ಎಂಬವನಿಗೆ ಶಿಕ್ಷೆಯಾಗಿತ್ತು. ಆ ಸ್ಮಿತ್ತನೇ ಈತನೆಂದು ನಿವೃತ್ತ ಪೊಲೀಸನೊಬ್ಬ ಹೇಳಿದ. ಎರಡೂ ಕಾಲದ ಪತ್ರಗಳ ಕೈಬರಹ ಒಂದೇ ಆಗಿತ್ತು. 1877ರಲ್ಲಿ ತಾನು ದಕ್ಷಿಣ ಅಮೆರಿಕದಲ್ಲಿದ್ದೆನೆಂದು ಸಿದ್ಧಪಡಿಸಿದರೆ ಬೆಕ್ ಪಾರಾಗುತ್ತಿದ್ದ. ಆದರೆ ಹಳೆಯ ಪ್ರಕರಣವನ್ನು ಪ್ರಸ್ತಾಪಿಸಲು ನ್ಯಾಯಾಧೀಶರು ಬಿಡಲಿಲ್ಲ. 1896ರಲ್ಲಿ ಅವನಿಗೆ ಏಳು ವರ್ಷದ ಸೆರೆವಾಸವಾಯಿತು.

ಮನಸ್ಸನ್ನು ಕಲಕುವ ಸಂಗತಿ ಮುಂದಿನದು. ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ ಎಂಬುದು 1898ರಲ್ಲಿಯೇ ಗೃಹ ಇಲಾಖೆಗೆ ತಿಳಿಯಿತು. ಇಬ್ಬರೂ ಬೇರೆ ಬೇರೆ ಎಂಬುದಕ್ಕೆ ಇನ್ನಾವ ಪುರಾವೆ ಬೇಕು? ಆದರೂ ಅಧಿಕಾರಿಗಳು ಬದಲಿಸಿದ್ದು ಅವನ ಕೈದಿ ಸಂಖ್ಯೆಯನ್ನು ಮಾತ್ರ. ಬಿಡುಗಡೆಯಾದದ್ದು 1901ರಲ್ಲಿ, ಸನ್ನಡತೆಯ ಕೈದಿಗಳಿಗೆ ಸಿಗುವ ರಿಯಾಯಿತಿಯಿಂದ.

1904ರಲ್ಲಿ ಅದೇ ಆರೋಪ ಮತ್ತೆ ಬಂತು. ಮತ್ತೆ ಮಹಿಳೆಯರು ಅವನನ್ನೇ ಗುರುತಿಸಿದರು, ಮತ್ತೆ ಅಪರಾಧಿಯೆಂದು ತೀರ್ಮಾನವಾಯಿತು. ಶಿಕ್ಷೆ ಪ್ರಕಟವಾಗುವ ಮೊದಲೇ, ಅದೃಷ್ಟವಶಾತ್, ಉಂಗುರಗಳನ್ನು ಒತ್ತೆಯಿಡಲು ಬಂದ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನವೂ ಮುಂದೆ 5,000 ಪೌಂಡುಗಳ ಪರಿಹಾರವೂ ದೊರೆತವು. ಮಾಡದ ತಪ್ಪಿಗೆ ಕ್ಷಮೆ! ಜನರ ಆಕ್ರೋಶದ ಫಲವಾಗಿ 1907ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಬೆಕ್ ತೀರಿಕೊಂಡ.

ಆ ಮಹಿಳೆಯರು ಸುಳ್ಳು ಹೇಳಿದವರಲ್ಲ. ತಾವು ಕಂಡದ್ದನ್ನು ನಂಬಿದವರು. ಸುಳ್ಳುಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಮುರಿಯಬಹುದು. ಪ್ರಾಮಾಣಿಕವಾಗಿ ತಪ್ಪಿದವನನ್ನು ಮುರಿಯುವುದು ಕಷ್ಟ. ಆದುದರಿಂದಲೇ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಬಾಗಿಲೊಂದು ನ್ಯಾಯವ್ಯವಸ್ಥೆಗೆ ಬೇಕು. ನಿರಪರಾಧಿಯ ನಿಜವಾದ ರಕ್ಷಣೆ ಅದು.

ಮೂವರು ಮಕ್ಕಳು ಒಂದೇ ಮಾತು ಹೇಳಿದರೆಂದು ನಾಲ್ಕನೆಯವನ ಅಂಗೈಗೆ ಬೆತ್ತವಿಟ್ಟ ದಿನಗಳು ನನ್ನ ವೃತ್ತಿಜೀವನದಲ್ಲಿಯೂ ಇವೆ. ನನ್ನ ತರಗತಿಯಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ.