ಮಾಟಗಾತಿಯ ಕಣ್ಣೀರು: ಇಂಗ್ಲಿಷ್ ಪ್ರಣಯ-ಹಾಸ್ಯ ಕಥನಗಳಲ್ಲಿ ಅರಿವು ಮತ್ತು ಮದುವೆ

ಹೆಣ್ಣೊಬ್ಬಳಿಗೆ ತಾನು ಮಾಟಗಾತಿ ಎಂಬುದು ತಿಳಿಯುತ್ತದೆ. ಆ ತಿಳಿವಳಿಕೆ ಅವಳ ಪ್ರೀತಿಗೆ ಅಡ್ಡ ಬರುತ್ತದೆ. ನಗುನಗುತ್ತಲೇ ತೊಡಕು ಬಿಡಿಸಿಕೊಳ್ಳುತ್ತದೆ. ಇಂಗ್ಲಿಷ್ ಸಿನಿಮಾ, ನಾಟಕ ಮತ್ತು ಕಿರುತೆರೆಗೆ ಬಹಳ ಪ್ರಿಯವಾದ ಕಥಾಬಂಧ ಇದು. ಇದನ್ನು ಕನ್ನಡದಲ್ಲಿ ಹೇಳಹೊರಟರೆ ಮೊದಲ ವಾಕ್ಯದಲ್ಲೇ ತಡೆ ಎದುರಾಗುತ್ತದೆ. 'ಮಾಟಗಾತಿ' ಎಂದರೆ ಮಾಟ ಮಾಡುವವಳು. 'ಗಾರ' ಪ್ರತ್ಯಯದ ಸ್ತ್ರೀರೂಪ ಸೇರಿದ ಮೋಸಗಾತಿ, ಹಾಡುಗಾತಿಯಂತೆ ಇದೂ ಕೆಲಸವನ್ನು ಹೇಳುವ ಪದ, ಹುಟ್ಟನ್ನಲ್ಲ. ತಾನು ಹಾಡುತ್ತಿದ್ದೇನೆಂದು ಹಾಡುಗಾತಿಗೆ ಯಾರೂ ತಿಳಿಸಿಕೊಡಬೇಕಿಲ್ಲ. ಹಾಗಾದರೆ ಮಾಟಗಾತಿಗೆ ತಾನು ಮಾಟಗಾತಿಯೆಂದು 'ತಿಳಿದುಬರುವುದು' ಹೇಗೆ? ನಮ್ಮಲ್ಲಿ ಆ ಪದವನ್ನು ಹೆಣ್ಣು ತನ್ನ ಬಗ್ಗೆ ಹೇಳಿಕೊಳ್ಳುವುದೂ ಇಲ್ಲ; ಊರು ಅವಳ ಮೇಲೆ ಹೊರಿಸುತ್ತದೆ. ಈ ಕಥೆಗಳಲ್ಲಾದರೋ ಮಾಟ ರಕ್ತದಲ್ಲಿ ಬಂದದ್ದು, ಆದ್ದರಿಂದಲೇ ಅದನ್ನು ಕಂಡುಕೊಳ್ಳಬಹುದು, ಬಚ್ಚಿಡಬಹುದು, ಬಿಟ್ಟುಕೊಡಲೂಬಹುದು. ಹಾಗೆ ಬಿಟ್ಟುಕೊಡುವುದರ ಬೆಲೆ ಏನೆಂಬುದೇ ಈ ಲೇಖನದ ಪ್ರಶ್ನೆ.

ಅರಿವಿನ ಕಥೆಯನ್ನು ಶುದ್ಧ ರೂಪದಲ್ಲಿ ಬರೆದವಳು ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್. 1926ರ 'ಲಾಲಿ ವಿಲೋಸ್' ಕಾದಂಬರಿಯ ಲಾರಾ ಮದುವೆಯಾಗದ ಹೆಂಗಸು. ಅಣ್ಣನ ಲಂಡನ್ ಮನೆಯಲ್ಲಿ ಮಕ್ಕಳ ಅತ್ತೆಯಾಗಿ ವರ್ಷಗಟ್ಟಲೆ ಸವೆದವಳು, ನಡುವಯಸ್ಸಿನಲ್ಲಿ ಎದ್ದು ಚಿಲ್ಟರ್ನ್ಸ್ ಗುಡ್ಡಗಳ ಹಳ್ಳಿಯೊಂದಕ್ಕೆ ಒಬ್ಬಳೇ ಹೊರಟುಬಿಡುತ್ತಾಳೆ. ಅಲ್ಲಿ ಬೆಕ್ಕಿನ ಮರಿಯೊಂದು ಪರಚಿ ರಕ್ತ ಬಂದಾಗ ಸೈತಾನನೊಂದಿಗೆ ತನ್ನ ಒಪ್ಪಂದ ಆಗಿಹೋಯಿತೆಂದು ಅವಳಿಗೆ ಹೊಳೆಯುತ್ತದೆ. ಅವಳಲ್ಲಿ ಹುಟ್ಟುವುದು ಭಯವಲ್ಲ, ನೆಮ್ಮದಿ. ಆ ವರ್ಷ ಆರಂಭವಾದ ಅಮೆರಿಕದ 'ಬುಕ್ ಆಫ್ ದ ಮಂತ್ ಕ್ಲಬ್' ತನ್ನ ಮೊಟ್ಟಮೊದಲ ಆಯ್ಕೆಯಾಗಿ ಓದುಗರಿಗೆ ಕಳಿಸಿದ್ದು ಇದೇ ಕಾದಂಬರಿಯನ್ನು. ಇಲ್ಲಿ ಹಾಸ್ಯವಿದೆ, ಅರಿವಿದೆ, ವರನಿಲ್ಲ. ಲಾರಾಳಿಗೆ ಅವನು ಬೇಕಾಗಿಯೂ ಇಲ್ಲ.

ವರ ಬಂದೊಡನೆ ಕಥೆಯ ದಿಕ್ಕು ತಿರುಗುತ್ತದೆ. ರೆನೆ ಕ್ಲೇರ್ ನಿರ್ದೇಶಿಸಿದ 'ಐ ಮ್ಯಾರೀಡ್ ಎ ವಿಚ್' (1942) ಚಿತ್ರದಲ್ಲಿ ವೆರೋನಿಕಾ ಲೇಕ್ ಅಭಿನಯಿಸಿದ ಜೆನಿಫರ್‌ಳನ್ನು ಅಮೆರಿಕದ ಸೇಲಂನಲ್ಲಿ ಸುಟ್ಟಿರುತ್ತಾರೆ. ತನ್ನ ಮೇಲೆ ದೂರು ಹೊರಿಸಿದ ವೂಲಿ ವಂಶದ ಗಂಡಸರೆಲ್ಲರಿಗೂ ಸಲ್ಲದ ಹೆಣ್ಣೇ ಹೆಂಡತಿಯಾಗಲಿ ಎಂದು ಅವಳು ಶಪಿಸಿರುತ್ತಾಳೆ. ಶತಮಾನಗಳ ಬಳಿಕ ಸಿಡಿಲು ಬಡಿದು ಮರದಡಿಯ ಸೆರೆಯಿಂದ ಅವಳ ಆತ್ಮ ಹೊರಬರುತ್ತದೆ. ಆ ವಂಶದ ಕುಡಿಗೆ ಕುಡಿಸಲೆಂದು ತಯಾರಿಸಿದ ಒಲವಿನ ಮದ್ದನ್ನು ಆಕಸ್ಮಿಕವಾಗಿ ತಾನೇ ಕುಡಿದು ಅವನನ್ನೇ ಪ್ರೀತಿಸತೊಡಗುತ್ತಾಳೆ. ಕ್ಲೇರ್‌ನ ಕೈಚಳಕಕ್ಕೆ ತಲೆದೂಗುತ್ತಲೇ ಒಂದು ಚಾರಿತ್ರಿಕ ತಪ್ಪನ್ನು ಗುರುತಿಸಬೇಕು. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. 1692ರಲ್ಲಿ ಅಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ನೇಣಿಗೇರಿಸಿದರು. ವಾದಕ್ಕೆ ನಿಲ್ಲಲೊಪ್ಪದ ಮುದುಕ ಗೈಲ್ಸ್ ಕೋರಿಯ ಮೇಲೆ ಕಲ್ಲು ಹೇರಿ ಕೊಂದರು. ಮಾಟವನ್ನು ಧರ್ಮದ್ರೋಹವೆಂದು ಕಂಡ ಯೂರೋಪಿನ ಮುಖ್ಯಭೂಮಿಯಲ್ಲಿ ಚಿತೆಯಿತ್ತು. ಅದನ್ನು ರಾಜ್ಯದ ವಿರುದ್ಧದ ಅಪರಾಧವೆಂದು ಎಣಿಸಿದ ಇಂಗ್ಲಿಷ್ ಕಾನೂನಿನಲ್ಲಿ ನೇಣಿತ್ತು. ಬೆಂಕಿ ಕಥೆಯ ಹೊದಿಕೆಯಾಗಬಲ್ಲದು. ನೆರೆಯವರ ಸಾಕ್ಷಿ ನಂಬಿ ನೆರೆಯವಳನ್ನೇ ನೇಣುಹಾಕಿದ್ದನ್ನು ಹಾಗೆ ನಗುವಿಗೆ ಒಗ್ಗಿಸುವುದು ಸುಲಭವಲ್ಲ. ಈ ಬದಲಾವಣೆಯ ಹಿಂದೆ ಬರೀ ಅಜ್ಞಾನವಿದೆಯೆಂದು ನನಗೆ ಅನ್ನಿಸುವುದಿಲ್ಲ.

ನನ್ನ ವಾದಕ್ಕೆ ಮುಖ್ಯ ಆಧಾರ ಮುಂದಿನ ಕೃತಿ. ಜಾನ್ ವಾನ್ ಡ್ರೂಟನ್‌ರ 'ಬೆಲ್, ಬುಕ್ ಅಂಡ್ ಕ್ಯಾಂಡಲ್' 1950ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂತು. 1958ರಲ್ಲಿ ರಿಚರ್ಡ್ ಕ್ವೈನ್ ಅದನ್ನು ಚಿತ್ರವಾಗಿಸಿದರು. ಕಿಮ್ ನೊವಾಕ್ ಅಭಿನಯಿಸಿದ ಗಿಲಿಯನ್ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಬುಡಕಟ್ಟು ಕಲಾಕೃತಿಗಳ ಅಂಗಡಿ ಇಟ್ಟುಕೊಂಡವಳು. ಮೇಲಿನ ಮಹಡಿಯ ಪ್ರಕಾಶಕ ಶೆಪ್ ಮದುವೆಯಾಗಲಿರುವ ಹೆಣ್ಣು ಕಾಲೇಜಿನಲ್ಲಿ ತನ್ನನ್ನು ಕಾಡಿದವಳೆಂದು ತಿಳಿದದ್ದೇ ಅವನ ಮೇಲೆ ವಶೀಕರಣ ಹಾಕುತ್ತಾಳೆ. ಅವಳ ಬೆಕ್ಕಿನ ಹೆಸರು ಪೈವಾಕೆಟ್. ಈ ಹೆಸರು ನಾಟಕಕಾರನ ಕಲ್ಪನೆಯಲ್ಲ. ಇಂಗ್ಲೆಂಡಿನ ಮಾಟಗಾತಿ ಬೇಟೆಗಾರ ಮ್ಯಾಥ್ಯೂ ಹಾಪ್‌ಕಿನ್ಸ್ 1647ರಲ್ಲಿ ಅಚ್ಚುಮಾಡಿಸಿದ ಹೊತ್ತಗೆಯಲ್ಲಿ ಆರೋಪಿಯೊಬ್ಬಳ ಪಿಶಾಚಿ ಸಂಗಾತಿಗಳ ಸಾಲಿನಲ್ಲಿ ಬರುವಂಥದು. ವಿಚಾರಣೆಯ ಕಡತದಲ್ಲಿದ್ದ ಹೆಸರು ಹೀಗೆ ಪ್ರೇಮಕಥೆಯ ಮುದ್ದಿನ ಬೆಕ್ಕಿಗೆ ಬಂದಿದೆ.

ಕಡತದಿಂದ ಬಂದದ್ದು ಹೆಸರೊಂದೇ ಅಲ್ಲ. ಮಾಟಗಾತಿಗೆ ಅಳಲಾಗದು, ನಾಚಿ ಕೆಂಪೇರಲಾಗದು, ಪ್ರೀತಿಸಿದರೆ ಶಕ್ತಿ ಹೋಗುತ್ತದೆ ಎಂಬ ನಿಯಮದ ಮೇಲೆ ಇಡೀ ಚಿತ್ರ ನಿಂತಿದೆ. ಇವುಗಳಲ್ಲಿ ಅಳುವಿನ ನಿಯಮ ಬಹಳ ಹಳೆಯದು. 1480ರ ದಶಕದಲ್ಲಿ ಹೈನ್ರಿಖ್ ಕ್ರಾಮರ್ ಬರೆದ ಮಾಟಗಾತಿ ವಿಚಾರಣೆಯ ಕೈಪಿಡಿ 'ಮಲೆಯಸ್ ಮಲೆಫಿಕಾರಂ', ಆರೋಪಿ ನ್ಯಾಯಾಧೀಶನೆದುರು ನಿಜವಾಗಿ ಕಣ್ಣೀರು ಸುರಿಸಬಲ್ಲಳೇ ಎಂದು ಪರೀಕ್ಷಿಸಲು ಹೇಳುತ್ತದೆ. ಆರನೆಯ ಜೇಮ್ಸ್ ದೊರೆ 1597ರಲ್ಲಿ ಸ್ಕಾಟ್ಲೆಂಡಿನಲ್ಲಿ ಪ್ರಕಟಿಸಿದ 'ಡೆಮನಾಲಜಿ'ಯೂ ಇದೇ ಲಕ್ಷಣವನ್ನು ಎತ್ತಿಹೇಳುತ್ತದೆ. ಚಿತ್ರದ ಕೊನೆಯಲ್ಲಿ ಗಿಲಿಯನ್ ಕಣ್ಣಲ್ಲಿ ನೀರು ಕಂಡಾಗ ಪ್ರೇಕ್ಷಕರ ಮನಸ್ಸು ಹಗುರವಾಗುತ್ತದೆ. ಆದರೆ ಆ ಹನಿ ಉತ್ತರಿಸುತ್ತಿರುವುದು ವಿಚಾರಣೆಯ ಪ್ರಶ್ನೆಗೇ: ಇವಳು ಮಾಟಗಾತಿಯೋ ಅಲ್ಲವೋ? ನ್ಯಾಯಾಧೀಶನ ಪೀಠದಲ್ಲಿ ಈಗ ಪ್ರಿಯಕರ ಕುಳಿತಿದ್ದಾನೆ. ನೇಣಿನ ಬದಲು ಮದುವೆಯಿದೆ. ಶಿಕ್ಷೆ ಬದಲಾದರೂ ಪರೀಕ್ಷೆ ಬದಲಾಗಿಲ್ಲ. ಶೆಪ್‌ನನ್ನು ಇಂಥ ಯಾವ ಪರೀಕ್ಷೆಗೂ ಯಾರೂ ಒಡ್ಡುವುದಿಲ್ಲ. ಗಿಲಿಯನ್‌ಳ ಬೆಕ್ಕು ಅವಳ ಸೋದರತ್ತೆಯ ಪಾಲಾಗುತ್ತದೆ. ಮುಖವಾಡಗಳಿದ್ದ ಅಂಗಡಿಯಲ್ಲಿ ಸಮುದ್ರದ ಚಿಪ್ಪುಗಳು ಬಂದು ಕೂರುತ್ತವೆ. ನೊವಾಕ್ ಈ ನಷ್ಟವನ್ನು ಮುಖದಲ್ಲಿ ಮೂಡಿಸಿದ ರೀತಿ ಚಿತ್ರಕಥೆಗಿಂತ ಪ್ರಾಮಾಣಿಕವಾದದ್ದು.

ಈ ಎರಡು ಚಿತ್ರಗಳ ಋಣವನ್ನು ಒಪ್ಪಿಕೊಂಡು ಸಾಲ್ ಸಾಕ್ಸ್ ರೂಪಿಸಿದ್ದು ಎಬಿಸಿ ವಾಹಿನಿಯ 'ಬಿವಿಚ್ಡ್'. 1964ರ ಸೆಪ್ಟೆಂಬರ್ 17ರಿಂದ 1972ರವರೆಗೆ 254 ಕಂತು ನಡೆದ ಈ ಧಾರಾವಾಹಿ ಮದುವೆಯಿಂದ ಆರಂಭವಾಗುತ್ತದೆ. ಎಲಿಜಬೆತ್ ಮಾಂಟ್‌ಗೊಮೆರಿಯ ಸಮಂತಾ ಮೊದಲ ರಾತ್ರಿಯೇ ಗಂಡ ಡ್ಯಾರಿನ್‌ಗೆ ನಿಜ ಹೇಳುತ್ತಾಳೆ. ಮಾಟ ಬಿಡು ಎನ್ನುತ್ತಾನೆ ಅವನು, ಒಪ್ಪುತ್ತಾಳೆ, ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಎಂಟು ಸರಣಿ ಈ ಮಾತಿನ ಮೇಲೆಯೇ ನಡೆದವು. 1966ರಲ್ಲಿ ಮಗು ತಬಿತಾಳಲ್ಲೂ ಶಕ್ತಿಯಿರುವುದು ಗೊತ್ತಾದಾಗ ತಾಯಿ ಹಿಗ್ಗುತ್ತಾಳೆ, ಗಂಡನಿಗೆ ಹೇಳಲು ಮಾತ್ರ ಅಂಜುತ್ತಾಳೆ. ಕ್ಲೇರ್‌ನ ಚಿತ್ರವೂ ಪೊರಕೆ ಏರಿದ ಪುಟ್ಟ ಮಗಳ ದೃಶ್ಯದಿಂದ ಮುಗಿಯುತ್ತದೆ. ಹೆಂಡತಿ ಬಿಟ್ಟುಕೊಟ್ಟದ್ದು ಮಗಳಲ್ಲಿ ಮತ್ತೆ ಚಿಗುರುತ್ತದೆ. ಕಥೆ ಅರಿವನ್ನು ಅಳಿಸುವುದಿಲ್ಲ, ಮುಂದಿನ ತಲೆಮಾರಿಗೆ ದಾಟಿಸುತ್ತದೆ.

ಆಲಿಸ್ ಹಾಫ್‌ಮನ್‌ರ 1995ರ ಕಾದಂಬರಿ ಆಧರಿಸಿದ 'ಪ್ರ್ಯಾಕ್ಟಿಕಲ್ ಮ್ಯಾಜಿಕ್' (1998) ಈ ಕಟ್ಟನ್ನು ಸಡಿಲಿಸಿತು. ಓವೆನ್ಸ್ ಮನೆತನದ ಹೆಣ್ಣನ್ನು ಪ್ರೀತಿಸಿದ ಗಂಡು ಸಾಯುತ್ತಾನೆಂಬ ಶಾಪಕ್ಕೆ ಹೆದರಿದ ಸ್ಯಾಲಿ ತನ್ನ ಮಾಟವನ್ನು ಅದುಮಿಕೊಂಡು ಬದುಕುತ್ತಾಳೆ. ಕೊನೆಗೆ ತಂಗಿಯನ್ನು ಉಳಿಸಲು ತಾನು ಮಾಟಗಾತಿಯೆಂದು ಊರಿನ ಹೆಂಗಸರೆದುರು ಬಾಯಿಬಿಟ್ಟು ಹೇಳುತ್ತಾಳೆ. ಅವರು ಪೊರಕೆ ಹಿಡಿದು ಅವಳ ಅಡುಗೆಮನೆಗೇ ಬರುತ್ತಾರೆ. ಪ್ರೀತಿಗೆ ಶಕ್ತಿಯನ್ನು ತೆರಬೇಕಾಗಿಲ್ಲ. ಕಥನಶಿಲ್ಪದಲ್ಲಿ ಚಿತ್ರ ಹದ ತಪ್ಪಿದೆ, ಭಯಾನಕಕ್ಕೂ ಹಾಸ್ಯಕ್ಕೂ ಹೊಂದಿಕೆಯಿಲ್ಲ. ಆದರೂ ಆ ಅಡುಗೆಮನೆಯ ದೃಶ್ಯದಲ್ಲಿ ದೂರು ಕೊಡುತ್ತಿದ್ದ ನೆರೆಯವರು ಮೊದಲ ಬಾರಿ ನೆರವಿಗೆ ಬಂದಿದ್ದಾರೆ. ಈ ಪರಂಪರೆಯಲ್ಲಿ ನಾನು ಬಹುವಾಗಿ ಮೆಚ್ಚುವ ದೃಶ್ಯ ಅದೇ.

ಸೇಲಂ ನಗರದಲ್ಲಿ 2005ರಿಂದ ಸಮಂತಾಳ ಕಂಚಿನ ಪ್ರತಿಮೆಯಿದೆ. ಅದೇ ಊರಿನಲ್ಲಿ 1692ರಲ್ಲಿ ಸತ್ತವರಿಗಾಗಿ ಮುನ್ನೂರು ವರ್ಷದ ನೆನಪಿಗೆ 1992ರಲ್ಲಿ ಕಟ್ಟಿದ ಕಲ್ಲಿನ ಸ್ಮಾರಕವೂ ಇದೆ. ಆ ಪ್ರಕರಣಗಳಲ್ಲಿ ಅಪರಾಧಿಯೆಂದು ಉಳಿದುಹೋಗಿದ್ದ ಕೊನೆಯ ಹೆಂಗಸು ಎಲಿಜಬೆತ್ ಜಾನ್ಸನ್. ಅವಳಿಗೆ 1693ರಲ್ಲಿ ಮರಣದಂಡನೆ ವಿಧಿಸಿದ್ದರು. ನೇಣು ತಪ್ಪಿತು, ಕಳಂಕ ತಪ್ಪಲಿಲ್ಲ. ಅವಳು ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಉಳಿದವರ ಪರವಾಗಿ ವಂಶಸ್ಥರು ಅರ್ಜಿ ಹಾಕಿದಂತೆ ಅವಳ ಪರವಾಗಿ ಕೇಳುವವರು ಇರಲಿಲ್ಲ. ಮ್ಯಾಸಚೂಸೆಟ್ಸ್‌ನ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು ಮತ್ತು ಅವರ ಶಿಕ್ಷಕಿ ಈ ವಿಷಯವನ್ನು ಕೈಗೆತ್ತಿಕೊಂಡರು. 2022ರಲ್ಲಿ ರಾಜ್ಯದ ಶಾಸಕಾಂಗ ಅವಳನ್ನು ನಿರಪರಾಧಿಯೆಂದು ಘೋಷಿಸಿತು.